ನರ್ಸಮ್ಮಂದಿರ ಸಂಘ ಕೋರ್ಟಿಗೆ ಹೋದ ಕಥೆ

ನಮ್ಮ ಕಡೆಯ ಎಷ್ಟೋ ಹಿರಿಯರು ಹುಟ್ಟಿದ್ದು ಉಡುಪಿಯ ಮಿಷನ್ ಆಸ್ಪತ್ರೆಯಲ್ಲಿ. 1923ರಲ್ಲಿ ಅದನ್ನು ಶುರು ಮಾಡಿದವರು ಸ್ವಿಟ್ಜರ್‌ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್. ಅವರ ಹೆಸರು ಆಸ್ಪತ್ರೆಯ ಬೋರ್ಡಿನಲ್ಲಿ ಉಳಿಯಿತು. ಹೆರಿಗೆ ಮಾಡಿಸಿದ ನರ್ಸಮ್ಮಂದಿರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಆ ಆಸ್ಪತ್ರೆಗಿಂತ 15 ವರ್ಷ ಮೊದಲೇ, 1908ರಲ್ಲಿ, ದೇಶದ ನರ್ಸ್‌ಗಳು ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಕಟ್ಟಿದ್ದರು. ಹಳ್ಳಿಯ ಎಎನ್‌ಎಂಗಳಿಗೂ ಅದರಲ್ಲಿ ಜಾಗ ಉಂಟು. ಖಾಸಗಿ ಆಸ್ಪತ್ರೆಗಳ ಕಡಿಮೆ ಸಂಬಳದ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೆ ಹೋದದ್ದು ಇದೇ ಸಂಘ. ಒಬ್ಬಳೇ ನರ್ಸ್ ಹೋಗಿದ್ದರೆ ಮರುದಿನದ ಡ್ಯೂಟಿ ಪಟ್ಟಿಯಲ್ಲಿ ಅವಳ ಹೆಸರು ಇರುತ್ತಿತ್ತೇ? ನಮಗೆ ಅನುಮಾನ.

2016ರ ಜನವರಿ 29ರಂದು ಕೋರ್ಟ್, ಸಮಿತಿ ಮಾಡುವಂತೆ ಕೇಂದ್ರಕ್ಕೆ ಹೇಳಿತು. 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಆಸ್ಪತ್ರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಮ್ಮಿ ಇರಬಾರದು ಎಂದಿತು ಆ ಸಮಿತಿ. ಅಂದರೆ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಒಂದು ಲೆಕ್ಕ, ಕಾಪು, ಕಾರ್ಕಳದ ಸಣ್ಣ ನರ್ಸಿಂಗ್ ಹೋಮಿಗೆ ಇನ್ನೊಂದು.

ಇದು ಬರೀ ಶಿಫಾರಸು, ಜಾರಿ ರಾಜ್ಯದ ಕೈಯಲ್ಲಿದೆ. ನಿಮ್ಮ ಮನೆಯ ಹುಡುಗಿ ನರ್ಸ್ ಆಗಿದ್ದರೆ, ಅವಳ ಕೈಗೆ ಎಷ್ಟು ಬರುತ್ತದೆ ಎಂದು ಒಮ್ಮೆ ಕೇಳಿ ನೋಡಿ.