ಶಹಾಪುರ–ಸುರಪುರ ರಸ್ತೆ

ಶಹಾಪುರ–ಸುರಪುರ ರಸ್ತೆಯು ಕರ್ನಾಟಕದ ಯಾದಗಿರಿ ಜಿಲ್ಲೆಯ ಎರಡು ತಾಲ್ಲೂಕು ಕೇಂದ್ರಗಳನ್ನು ಕೂಡಿಸುವ, ಸುಮಾರು 25 ಕಿ.ಮೀ. ಉದ್ದದ ಮಾರ್ಗ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಇದೇ ಮಾರ್ಗವಾಗಿ ಬಂದು, ತಿಂಥಣಿಯ ಬಳಿ ಕೃಷ್ಣಾ ನದಿಯನ್ನು ದಾಟಿ ಲಿಂಗಸೂಗೂರಿನತ್ತ ಹೋಗುತ್ತದೆ. ಆಗುಂಬೆ, ಚಾರ್ಮಾಡಿಗಳಂತೆ ಇದು ಕಡಿದಾದ ತಿರುವುಗಳ ಘಾಟಿಯಲ್ಲ. ಬಯಲುಸೀಮೆಯ ಕಲ್ಲುಗುಡ್ಡಗಳ ಮಗ್ಗುಲಲ್ಲಿ ಸಾಗುವ ದಾರಿ. ಆದರೂ ಈ ಗುಡ್ಡಗಳನ್ನು ಬಿಟ್ಟು ಸುರಪುರ ಸಂಸ್ಥಾನದ ಇತಿಹಾಸವನ್ನು ಹೇಳಲಾಗದು.

ಭೂಸ್ವರೂಪ

ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಈ ಪ್ರದೇಶದಲ್ಲಿ ಎರೆಹೊಲಗಳ ಮಧ್ಯೆ ಗ್ರಾನೈಟ್ ಗುಡ್ಡಗಳು ಒಮ್ಮೆಲೇ ಎದ್ದು ನಿಂತಿವೆ. ಶಹಾಪುರದ ಬಳಿಯ ಗುಡ್ಡಗಳ ಸಾಲು ದೂರದಿಂದ ಅಂಗಾತ ಮಲಗಿದ ಮನುಷ್ಯನಂತೆ ಕಾಣುವುದರಿಂದ ಅದಕ್ಕೆ ‘ಬುದ್ಧ ಮಲಗಿದ ಬೆಟ್ಟ’ ಎಂಬ ಹೆಸರಿದೆ. ಈ ಆಕೃತಿ ನೈಸರ್ಗಿಕವಾದುದು, ಯಾರೂ ಕೆತ್ತಿದ್ದಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ, ತೊಗರಿ, ಹತ್ತಿಯ ಹೊಲಗಳ ಜೊತೆಗೆ ಭತ್ತದ ಗದ್ದೆಗಳೂ ಕಾಣಿಸಿಕೊಂಡಿವೆ.

ಇತಿಹಾಸ

ಶಹಾಪುರ ತಾಲ್ಲೂಕಿನ ವಿಭೂತಿಹಳ್ಳಿಯಲ್ಲಿ ದೊಡ್ಡ ಕಲ್ಲುಗುಂಡುಗಳನ್ನು ಸಾಲುಸಾಲಾಗಿ ಜೋಡಿಸಿದ ಬೃಹತ್ ಶಿಲಾಯುಗದ ನೆಲೆಯಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಈ ಸಾಲುಗಳಿಗೂ ಸೂರ್ಯನ ಚಲನೆಗೂ ನಂಟಿದೆ ಎಂಬ ವಾದವಿದೆ.

ಸುರಪುರದ ನಾಯಕರಿಗೆ ಗುಡ್ಡಗಳೇ ಕೋಟೆಯಾಗಿದ್ದವು. 1705ರಲ್ಲಿ ಔರಂಗಜೇಬನು ಸ್ವತಃ ಬಂದು ಸುರಪುರದ ಸಮೀಪದ ವಾಗಿಣಗೇರಾ ಕೋಟೆಗೆ ಮುತ್ತಿಗೆ ಹಾಕಿದನು. ಅದು ಅವನ ಕೊನೆಯ ದಂಡಯಾತ್ರೆ. ಕೋಟೆ ಕೈವಶವಾದರೂ ಪಿಡ್ಡನಾಯಕನು ಸಿಕ್ಕಲಿಲ್ಲ. ಬಳಿಕ ಸುತ್ತಲೂ ಗುಡ್ಡಗಳಿರುವ ಸುರಪುರವು ರಾಜಧಾನಿಯಾಗಿ ಬೆಳೆಯಿತು.

ರಾಜಾ ವೆಂಕಟಪ್ಪನಾಯಕನು ಬಾಲಕನಾಗಿದ್ದಾಗ, 1853ರವರೆಗೆ, ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸಂಸ್ಥಾನದ ಆಡಳಿತ ನೋಡಿಕೊಂಡನು. ಈ ಭಾಗದ ಶಿಲಾಗೋರಿಗಳ ಕುರಿತು ಮೊದಲು ಬರೆದವನೂ ಅವನೇ. ಬಾಲರಾಜನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. 1858ರ ಫೆಬ್ರುವರಿಯಲ್ಲಿ ಅದೇ ರಾಜನು ಬ್ರಿಟಿಷರ ವಿರುದ್ಧ ಬಂಡೆದ್ದನು. ಸುರಪುರದ ಬಳಿ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಹತನಾದನು. ಹೈದರಾಬಾದಿನಲ್ಲಿ ಸೆರೆಸಿಕ್ಕ ವೆಂಕಟಪ್ಪನಾಯಕನನ್ನು ಟೇಲರ್ ಬಂದೀಖಾನೆಯಲ್ಲಿ ಕಂಡು ಮಾತನಾಡಿದನು. ಮರಣದಂಡನೆಯು ಕಡೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಚೆಂಗಲ್‌ಪಟ್ಟುವಿಗೆ ಒಯ್ಯುವಾಗ ದಾರಿಯಲ್ಲಿ ರಾಜನು ಗುಂಡು ತಗುಲಿ ಸತ್ತನು. ಬ್ರಿಟಿಷರು ಇದನ್ನು ಆತ್ಮಹತ್ಯೆಯೆಂದು ದಾಖಲಿಸಿದರು. ಸಂಸ್ಥಾನವು ನಿಜಾಮನ ಪಾಲಾಯಿತು. ಟೇಲರ್ ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಸುರಪುರದ ಗುಡ್ಡದ ಮೇಲೆ ಇಂದಿಗೂ ಇದೆ.