ಚೆಂಡು ಹಿಡಿದ ಹುಡುಗಿಯರು
ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್, 1950–2014

1950: ಕಾರ್ನಿಂಗ್, ನ್ಯೂಯಾರ್ಕ್ ರಾಜ್ಯ
ಕ್ಯಾಥರಿನ್ ಜಾನ್‌ಸ್ಟನ್ ಜಡೆ ಕತ್ತರಿಸಿ, ‘ಟಬ್ಬಿ’ ಎಂಬ ಹುಡುಗನ ಹೆಸರಿನಲ್ಲಿ ತಂಡ ಸೇರಿದಳು. ಗುಟ್ಟು ಹೇಳಿಕೊಂಡ ಮೇಲೂ ಆಟದ ಬಲದಿಂದ ತಂಡದಲ್ಲಿ ಉಳಿದಳು. ಅನಂತರ ಹುಡುಗಿಯರಿಗೆ ಪ್ರವೇಶವಿಲ್ಲವೆಂಬ ನಿಯಮವೇ ಬಂತು.

1972: ಹೊಬೋಕನ್, ನ್ಯೂಜೆರ್ಸಿ
12 ವರ್ಷದ ಮರಿಯಾ ಪೆಪೆ ಪಿಚರ್ ಆಗಿ, ಅಂದರೆ ಚೆಂಡೆಸೆಯುವವಳಾಗಿ, ಮೂರು ಪಂದ್ಯ ಆಡಿದಳು. ಅವಳನ್ನು ಕೈಬಿಡದಿದ್ದರೆ ಊರಿನ ಲೀಗ್‌ನ ಮಾನ್ಯತೆ ರದ್ದು ಎಂದು ಲಿಟಲ್ ಲೀಗ್ ಎಚ್ಚರಿಸಿದಾಗ ಅವಳು ತಂಡ ಬಿಡಬೇಕಾಯಿತು. ರಾಷ್ಟ್ರೀಯ ಮಹಿಳಾ ಸಂಘಟನೆ ಅವಳ ಪರವಾಗಿ ದೂರು ಸಲ್ಲಿಸಿತು. 1973ರಲ್ಲಿ ನ್ಯೂಜೆರ್ಸಿಯ ನಾಗರಿಕ ಹಕ್ಕುಗಳ ವಿಭಾಗದ ವಿಚಾರಣಾಧಿಕಾರಿ ಸಿಲ್ವಿಯಾ ಪ್ರೆಸ್ಲರ್ ಹುಡುಗಿಯರ ಪರ ತೀರ್ಪಿತ್ತರು. ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 1974ರಲ್ಲಿ ಲಿಟಲ್ ಲೀಗ್ ಹುಡುಗಿಯರಿಗೆ ತೆರೆದುಕೊಂಡಿತು. ಅಷ್ಟರಲ್ಲಿ ಮರಿಯಾ ವಯೋಮಿತಿ ದಾಟಿದ್ದಳು. ತಾನು ತೆರೆಸಿದ ಬಾಗಿಲನ್ನು ಅವಳು ದಾಟಲಾಗಲಿಲ್ಲ. ಅವಳ ಹಿಂದೆ ಬಂದವರು ದಾಟಿದರು.

2014: ಸೌತ್ ವಿಲಿಯಮ್ಸ್‌ಪೋರ್ಟ್, ಪೆನ್ಸಿಲ್ವೇನಿಯಾ
ಲಿಟಲ್ ಲೀಗ್ ವಿಶ್ವ ಸರಣಿಯಲ್ಲಿ ಫಿಲಡೆಲ್ಫಿಯಾದ 13 ವರ್ಷದ ಮೊನೇ ಡೇವಿಸ್ ಎದುರಾಳಿಗೆ ಒಂದೂ ರನ್ ಬಿಟ್ಟುಕೊಡದೆ 4–0 ಗೆಲುವು ತಂದಳು. ಈ ಸರಣಿಯಲ್ಲಿ ಪಿಚರ್ ಆಗಿ ಪಂದ್ಯ ಗೆದ್ದ ಮೊದಲ ಹುಡುಗಿ ಅವಳು. ಅಂದು ಅವಳು ತೊಟ್ಟಿದ್ದ ಜೆರ್ಸಿ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಸಂಗ್ರಹಾಲಯ ಸೇರಿತು.