ಹಸಿ ಗುಮಟೆ, ಕಾಸಿದ ಗುಮಟೆ

ಅಂಕೋಲೆಯ ಪೇಟೆಗೆ ಅಂಟಿಕೊಂಡಂತಿರುವ ಬೊಬ್ರುವಾಡದ ನಮ್ಮ ಮನೆಯಲ್ಲಿ, ಹಿಂದೆ ಭತ್ತದ ಮೂಟೆಗಳನ್ನು ಒಟ್ಟುತ್ತಿದ್ದ ಹಿಂಬದಿಯ ಕೋಣೆಯೊಂದುಂಟು. ಅದರ ಮಣ್ಣುಗೋಡೆಗಳಿಗೆ ಹಳೆಯ ಕಂಬಳಿಗಳನ್ನು ತೂಗಹಾಕಿ, ಒಂದು ಮೇಜನ್ನೂ ಒಂದು ಗಣಕವನ್ನೂ ಒಂದು ಮೈಕನ್ನೂ ಇರಿಸಿಕೊಂಡು, ಸುತ್ತಲಿನ ಕೇರಿಗಳ ಹಾಡುಗಳನ್ನು ಮುದ್ರಿಸಿಕೊಳ್ಳುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಸುಗ್ಗಿಗೆ ಇನ್ನೂ ಕೆಲವು ದಿನಗಳಿರುವಾಗ ಹಾಲಕ್ಕಿ ಸಮುದಾಯದ ಕೇರಿಯ ವೃದ್ಧೆಯೊಬ್ಬರು ಮೊಮ್ಮಗನೊಡನೆ ಬಂದು, ಆತ ಗುಮಟೆಯೆಂಬ ವಾದ್ಯವನ್ನು ಬಾರಿಸುತ್ತಿರಲು, ನಾಲ್ಕು ಹಾಡುಗಳನ್ನು ಹಾಡಿ ಮುಗಿಸಿದರು. ಮುದ್ರಿಸಿದುದನ್ನು ಮೊದಲು ಇದ್ದಂತೆಯೇ ಕೇಳಿಸಿ, ಅನಂತರ ಅದನ್ನೇ 1970ರ ಆಂಗ್ಲ ಪ್ರೀಆಂಪ್ ಒಂದರ ಗುಣವನ್ನು ಅನುಕರಿಸುವ ತಂತ್ರಾಂಶದ ಮೂಲಕ ಹಾಯಿಸಿ ಕೇಳಿಸಿದೆ. ಅಜ್ಜಿ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಎರಡನ್ನೂ ಆಲಿಸಿ, “ಮೊದ್ಲಿಂದು ಹಸಿ ಗುಮಟೆ ತಮ್ಮಾ, ಇದು ಕಾಸಿದ್ದು” ಎಂದರು. ಆ ಯಂತ್ರದ ಹೆಸರನ್ನಾಗಲಿ ಅದರ ಊರನ್ನಾಗಲಿ ಅರಿಯದ ಆಕೆ ಒಂದೇ ಮಾತಿನಲ್ಲಿ ಅದರ ಕಾರ್ಯವನ್ನು ಹೇಳಿಬಿಟ್ಟರೆಂದು ನಾನು ಅಂದು ಹಿಗ್ಗಿದೆ. ಆ ಮಾತಿನ ಪೂರ್ಣಾರ್ಥವು ನನಗೆ ತಿಳಿದುದು ಆಮೇಲೆ.

ಪ್ರೀಆಂಪ್ ಎಂಬುದು ಸಭೆಯಲ್ಲಿ ಕುಳಿತವರ ಕಣ್ಣಿಗೆ ಬೀಳುವ ವಸ್ತುವಲ್ಲ. ಕಂಠದಿಂದ ಹೊರಟ ಗಾಳಿಯ ಕಂಪನವು ಮೈಕಿನೊಳಗೆ ವಿದ್ಯುತ್ತಾಗಿ ಪರಿವರ್ತಿತವಾದಾಗ ಅದರ ಬಲ ವೋಲ್ಟಿನ ಸಾವಿರದಲ್ಲೊಂದಂಶದ ಆಸುಪಾಸಿನದು. ಅಷ್ಟು ಕ್ಷೀಣವಾದ ಸಂಕೇತವನ್ನು ಟೇಪಾಗಲಿ ಗಣಕವಾಗಲಿ ನೇರವಾಗಿ ಸ್ವೀಕರಿಸಲಾರದು. ಆದ್ದರಿಂದ ಅದನ್ನು ನೂರು ಪಟ್ಟು, ಮೆಲುದನಿಯಾದರೆ ಸಾವಿರ ಪಟ್ಟು ಹೆಚ್ಚಿಸಿಕೊಡುವ ಸಾಧನವೊಂದು ನಡುವೆ ಬೇಕು. ಹೆಚ್ಚಿಸುವುದೆಂದರೆ ಇದ್ದುದನ್ನು ಇದ್ದಂತೆಯೇ ದೊಡ್ಡದು ಮಾಡುವುದೆಂದು ಶಾಸ್ತ್ರವು ಹೇಳುವುದಾದರೂ, ಈ ಕಾರ್ಯಕ್ಕೆ ತೊಡಗಿದ ಪ್ರತಿಯೊಂದು ಸಾಧನವೂ ತನ್ನ ಮೈಯ ವಾಸನೆಯನ್ನು ಸ್ವಲ್ಪವಾದರೂ ಆ ಧ್ವನಿಗೆ ಅಂಟಿಸಿಯೇ ಕಳುಹಿಸಿದೆ.

ಇಂತಹ ಸಾಧನವು ಹುಟ್ಟುವುದಕ್ಕೆ ಮುಂಚೆಯೂ ನಮ್ಮ ದೇಶದಲ್ಲಿ ಧ್ವನಿಮುದ್ರಣವು ನಡೆದಿತ್ತು. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು ಕಲಕತ್ತೆಯಲ್ಲಿ ಗೌಹರ್ ಜಾನರ ಗಾನವನ್ನು ಮುದ್ರಿಸಿದಾಗ, ಹಾಡುವವರ ಮುಂದೆ ಇದ್ದುದು ಒಂದು ತಗಡಿನ ಕಹಳೆ ಮಾತ್ರ. ಕಂಠದ ಬಲವೇ ಆ ಕಹಳೆಯ ತುದಿಯ ಪೊರೆಯನ್ನು ನಡುಗಿಸಿ, ಸೂಜಿಯನ್ನು ಅಲುಗಿಸಿ, ಮೇಣದ ಮೇಲೆ ಗೆರೆಯನ್ನು ಕೊರೆಯಬೇಕಾಗಿತ್ತು. ಗಟ್ಟಿಯಾಗಿ ಹಾಡಬಲ್ಲವರು ಮಾತ್ರ ಅದರಲ್ಲಿ ಉಳಿದರು. ತೊಟ್ಟಿಲ ಬಳಿ ಹಾಡುವ ದನಿ, ಗದ್ದೆಯಲ್ಲಿ ಬಗ್ಗಿ ನಟ್ಟಿ ಮಾಡುತ್ತ ಹಾಡುವ ದನಿ, ಇವು ಆ ಕಹಳೆಯ ಪಾಲಿಗೆ ಇಲ್ಲದವೇ ಆಗಿದ್ದವು. 1906ರಲ್ಲಿ ಲೀ ಡಿ ಫಾರೆಸ್ಟನು ರೂಪಿಸಿದ ಆಡಿಯಾನ್ ಎಂಬ ಗಾಜಿನ ಬುರುಡೆಯು ಮುಂದೆ ವಾಲ್ವು ಎಂಬ ಹೆಸರಿನಿಂದ ಪ್ರಸಿದ್ಧವಾಗಿ, 1925ರ ಸುಮಾರಿಗೆ ಮೈಕ್ ಮತ್ತು ವಾಲ್ವುಗಳಿಂದ ಮುದ್ರಿಸುವ ವಿದ್ಯುತ್ಪದ್ಧತಿಯು ಬಳಕೆಗೆ ಬಂದ ಮೇಲೆಯೇ ಮೆಲುದನಿಗೆ ಪ್ರವೇಶವು ದೊರಕಿತು. ಸಂಗೀತದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಔದಾರ್ಯವನ್ನು ಯಾವ ಯಂತ್ರವೂ ತೋರಿದಂತೆ ನನಗೆ ಕಾಣದು.

ಕನ್ನಡ ನಾಡಿನಲ್ಲಿ ಈ ಔದಾರ್ಯವು ಮೊದಲು ಕಾಣಿಸಿಕೊಂಡುದು ಮೈಸೂರಿನ ಒಂದು ಮನೆಯಲ್ಲಿ. ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ನಿವಾಸದಿಂದಲೇ 30 ವ್ಯಾಟಿನ ಪುಟ್ಟ ಪ್ರೇಷಕವನ್ನಿಟ್ಟುಕೊಂಡು ಬಾನುಲಿಯನ್ನು ಆರಂಭಿಸಿದರು. ಆಕಾಶವಾಣಿಯೆಂಬ ಹೆಸರು ಬಾನುಲಿಗೆ ರೂಢಿಯಾದುದು ಆ ಕೇಂದ್ರದಿಂದ. ಆದರೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರ ಜಿಲ್ಲೆಗೆ ಮೈಸೂರು ಬಹುದೂರ. ನಮ್ಮವರಿಗೆ ತಮ್ಮದೆನ್ನಬಹುದಾದ ಕೇಂದ್ರವು ದೊರೆತುದು 1950ರ ಜನವರಿ 8ರಂದು, ಧಾರವಾಡದಲ್ಲಿ. ಘಟ್ಟದ ಮೇಲಿನಿಂದ ಇಳಿದು ಬರುತ್ತಿದ್ದ ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಸ್ವರಗಳನ್ನು ಅಂಕೋಲೆಯ ಜಗಲಿಗಳಲ್ಲಿ ಕುಳಿತು ಕೇಳಿದ ಹಿರಿಯರು ಇಂದಿಗೂ ಅವನ್ನು ಸ್ಮರಿಸುವಾಗ, ಆ ರೇಡಿಯೋ ಕಾಯುವವರೆಗೆ ತಾಳ್ಮೆಯಿಂದ ಕಾದುಕೊಂಡಿರುತ್ತಿದ್ದುದನ್ನೂ, ಪೆಟ್ಟಿಗೆಯ ಹಿಂದುಗಡೆಯ ಬಿರುಕಿನಲ್ಲಿ ಕೆಂಪಗೆ ಮಿನುಗುವ ವಾಲ್ವನ್ನೂ ಹಾಡಿನೊಡನೆಯೇ ನೆನೆಯುತ್ತಾರೆ. ಹಾಡು ಮತ್ತು ಯಂತ್ರ ಅವರ ಸ್ಮೃತಿಯಲ್ಲಿ ಬೇರೆ ಬೇರೆಯಾಗಿ ಉಳಿದಿಲ್ಲ.

ಆದರೂ ನಮ್ಮ ಕರಾವಳಿಯ ಸಾಮಾನ್ಯ ಜನಕ್ಕೆ ಧ್ವನಿವರ್ಧನೆಯ ಪರಿಚಯವನ್ನು ಮಾಡಿಸಿದವರು ರೇಡಿಯೋದವರಿಗಿಂತ ಹೆಚ್ಚಾಗಿ ಮೈಕ್ ಸೆಟ್ಟಿನವರು. ಬಂಡಿಹಬ್ಬ, ಮದುವೆ, ಚುನಾವಣೆ, ಯಕ್ಷಗಾನದ ಆಟ, ಯಾವುದೇ ಇರಲಿ, ತೆಂಗಿನ ಮರಕ್ಕೆ ಏಣಿ ಹಚ್ಚಿ ಧ್ವನಿವರ್ಧಕದ ಭೋಂಗಾ ಕಟ್ಟುವಾತನು ಬಂದನೆಂದರೆ ಹಬ್ಬವು ಬಂದಿತೆಂದೇ ಮಕ್ಕಳು ತಿಳಿಯುತ್ತಿದ್ದರು. ಅದಕ್ಕೆ ಮುಂಚೆ ಭಾಗವತರು ಬಯಲಿನ ಕೊನೆಯ ಸಾಲಿಗೂ ಮುಟ್ಟುವಂತೆ ಇಡೀ ರಾತ್ರಿ ಏರುಶ್ರುತಿಯಲ್ಲಿ ಹಾಡಬೇಕಾಗಿತ್ತು. ಮೈಕ್ ಬಂದ ಮೇಲೆ ಶ್ರುತಿಯನ್ನು ತಗ್ಗಿಸಿ, ಭಾವದ ಸೂಕ್ಷ್ಮಗಳಿಗೆ ಎಡೆಮಾಡಿಕೊಡುವುದು ಸಾಧ್ಯವಾಯಿತು. ಹೋದುದೂ ಉಂಟು: ದೂರಕ್ಕೆ ಹಾಯುವ ಆ ತೆರೆದ ಕಂಠದ ಮಿಂಚು ಈಗ ಅಪರೂಪ. ಲಾಭವು ನಷ್ಟಕ್ಕಿಂತ ಹೆಚ್ಚೆಂದು ನಾನು ಬಗೆಯುತ್ತೇನಾದರೂ ನಷ್ಟವನ್ನು ಅಲ್ಲಗಳೆಯಲಾರೆ.

ಮೈಕ್ ಸೆಟ್ಟಿನವರ ವೃತ್ತಿಯು ಉಪ್ಪುಗಾಳಿಯೊಡನೆ ನಿತ್ಯವೂ ಹೋರಾಡುವ ವೃತ್ತಿ. ಸಮುದ್ರದ ಸಮೀಪದಲ್ಲಿ ಹಿತ್ತಾಳೆಯ ಪಿನ್ನುಗಳಿಗೆ ಒಂದು ಮಳೆಗಾಲದಲ್ಲಿಯೇ ಹಸಿರು ಕಿಲುಬು ಹಿಡಿಯುತ್ತದೆ; ಅದನ್ನು ಮರಳುಕಾಗದದಿಂದ ಉಜ್ಜಿ ತೆಗೆಯದಿದ್ದರೆ ಭಾಷಣದ ನಡುವೆ ಕರಕರ ಸದ್ದೇಳುವುದು ನಿಶ್ಚಿತ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಎಸೆಯುವ ಪದ್ಧತಿ ಇರಲಿಲ್ಲ. ಅದರ ಕಬ್ಬಿಣದ ತಗಡುಗಳನ್ನು ಒಂದೊಂದಾಗಿ ಬಿಡಿಸಿ, ಹಳೆಯ ತಂತಿಯನ್ನು ಬಿಚ್ಚುವಾಗ ಸುತ್ತುಗಳನ್ನು ಎಣಿಸಿಕೊಂಡು, ಅಷ್ಟೇ ಸುತ್ತು ಹೊಸ ತಾಮ್ರದ ತಂತಿಯನ್ನು ಕೈಯಿಂದಲೇ ಸುತ್ತುತ್ತಿದ್ದರು. ಬಾಲ್ಯದಲ್ಲಿ ನಾನು ಹೀಗೆ ಸುತ್ತುವವರ ಎದುರು ಕುಳಿತಿದ್ದೇನೆ. ಎಣಿಕೆ ತಪ್ಪೀತೆಂದು ಅವರು ತುಟಿಯಲ್ಲಿಯೇ ಅಂಕಿಗಳನ್ನು ಆಡಿಸುತ್ತ, ಯಾರಾದರೂ ಮಾತನಾಡಿಸಿದರೆ ಕೈಯೆತ್ತಿ ತಡೆಯುತ್ತಿದ್ದ ಆ ಗಾಂಭೀರ್ಯವನ್ನು ಜಪಕ್ಕೆ ಕುಳಿತವರಲ್ಲಿ ಮಾತ್ರ ಮತ್ತೆ ಕಂಡಿದ್ದೇನೆ. ವಾಲ್ವಿನ ಕಾಲವು ಮುಗಿದು ಟ್ರಾನ್ಸಿಸ್ಟರ್ ಬಂದ ಮೇಲೆ ಅವರ ಡಬ್ಬಿಯಲ್ಲಿ ಸದಾ ಇರುತ್ತಿದ್ದುದು 2ಎನ್3055 ಎಂಬ, ಎರಡು ತೂತುಗಳುಳ್ಳ ಲೋಹದ ಬಿಲ್ಲೆಯಂತಹ ಟ್ರಾನ್ಸಿಸ್ಟರ್. ಅಗ್ಗವೂ ಗಟ್ಟಿಯೂ ಆಗಿದ್ದ ಅದನ್ನು ಆ ಕಸುಬಿನವರು ‘ಮೂವತ್ತೈವತ್ತೈದು’ ಎಂದೇ ಕರೆಯುತ್ತಿದ್ದರು.

ಇನ್ನು ಆ ಆಂಗ್ಲ ಪ್ರೀಆಂಪಿನ ವಿಷಯ. ಅದನ್ನು ರೂಪಿಸಿದ ರೂಪರ್ಟ್ ನೀವ್ ಹುಟ್ಟಿದುದು 1926ರಲ್ಲಿ, ಇಂಗ್ಲೆಂಡಿನಲ್ಲಿ, ಬೆಳೆದುದು ಆರ್ಜೆಂಟೀನಾದಲ್ಲಿ. ಬಾಲಕನಾಗಿದ್ದಾಗಲೇ ರೇಡಿಯೋಗಳನ್ನು ಬಿಚ್ಚಿ ಕಟ್ಟುವ ಹವ್ಯಾಸವಿದ್ದ ಆತನು ಎರಡನೆಯ ಮಹಾಯುದ್ಧದ ತರುವಾಯ ಸೈನ್ಯದ ಹಳೆಯ ಆಂಬುಲೆನ್ಸ್ ಗಾಡಿಯೊಂದನ್ನು ಕೊಂಡು, ಅದರಲ್ಲಿ ಧ್ವನಿವರ್ಧಕಗಳನ್ನೂ ಮುದ್ರಣಯಂತ್ರವನ್ನೂ ತುಂಬಿಕೊಂಡು ಊರೂರು ಸುತ್ತಿ, ಸಭೆಗಳಿಗೆ ಮೈಕ್ ಕಟ್ಟುತ್ತ, ವೃಂದಗಾನಗಳನ್ನು ತಟ್ಟೆಗಳ ಮೇಲೆ ಮುದ್ರಿಸಿಕೊಡುತ್ತ ಜೀವನ ನಡೆಸಿದನು. ಇದನ್ನು ಮೊದಲ ಸಲ ಓದಿದಾಗ ನನಗಾದ ಸಂತೋಷವು ಅಷ್ಟಿಷ್ಟಲ್ಲ. ಲೋಕದ ಮುದ್ರಣಶಾಲೆಗಳು ಪೂಜ್ಯಭಾವದಿಂದ ನೆನೆಯುವ ಆ ಮಹಾಶಿಲ್ಪಿಯು ನಮ್ಮ ಭೋಂಗಾ ಕಟ್ಟುವವರ ಜಾತಿಗೇ ಸೇರಿದವನು! 1970ರಲ್ಲಿ ಲಂಡನ್ನಿನ ವೆಸೆಕ್ಸ್ ಎಂಬ ಮುದ್ರಣಶಾಲೆಯ ಮಿಶ್ರಣಮೇಜಿಗಾಗಿ ಆತನ ಸಂಸ್ಥೆಯು ರೂಪಿಸಿದ ಘಟಕವೇ 1073. ಅದು ಮೈಕಿನ ಸಂಕೇತವನ್ನು 80 ಡೆಸಿಬಲ್‌ಗಳವರೆಗೆ, ಅಂದರೆ ಹತ್ತು ಸಾವಿರ ಪಟ್ಟು, ಹೆಚ್ಚಿಸಬಲ್ಲದು. ಒಳಬರುವ ದಾರಿಯಲ್ಲಿ ಒಂದು, ಹೊರಹೋಗುವ ದಾರಿಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಅದಕ್ಕುಂಟು. ಆ ಹೊರದಾರಿಯ ಟ್ರಾನ್ಸ್‌ಫಾರ್ಮರನ್ನು ನಡೆಸುವ ಟ್ರಾನ್ಸಿಸ್ಟರ್ ಯಾವುದೆಂದರೆ, ಅದೇ 2ಎನ್3055. ಅಂಕೋಲೆಯ ಮೈಕ್ ಸೆಟ್ಟಿನಲ್ಲಿ ಕುಳಿತು ಮದುವೆಯ ಹಾಡನ್ನು ತೆಂಗಿನ ತೋಟದಾಚೆಗೆ ಕೂಗಿ ಮುಟ್ಟಿಸಿದ ಲೋಹದ ಬಿಲ್ಲೆಯೂ, ಲಂಡನ್ನಿನಲ್ಲಿ ಜಗತ್ಪ್ರಸಿದ್ಧ ಗಾಯಕರ ಕಂಠಕ್ಕೆ ಮೆರುಗು ಕೊಟ್ಟ ಬಿಲ್ಲೆಯೂ ಒಂದೇ.

ಆ ಮೆರುಗಿಗೆ ಕಾರಣವೇನು? ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ತಾಳಬಲ್ಲ ಕಾಂತಬಲಕ್ಕೆ ಒಂದು ಮಿತಿಯಿದೆ. ಗುಮಟೆಯಂತಹ ಮಂದ್ರನಾದವು ಜೋರಾಗಿ ಬಂದಾಗ ಆ ತಿರುಳು ಪೂರ್ತಿಯಾಗಿ ಅನುಸರಿಸಲಾರದೆ ಅಲೆಯ ಶಿಖರವನ್ನು ಮೆಲ್ಲಗೆ ದುಂಡಗಾಗಿಸುತ್ತದೆ. ದುಂಡಗಾದ ಅಲೆಯಲ್ಲಿ ಮೂಲನಾದದ ಮೂರು ಪಟ್ಟು, ಐದು ಪಟ್ಟು ಕಂಪನದ ಉಪನಾದಗಳು ಹುಟ್ಟುತ್ತವೆ. ಟ್ರಾನ್ಸಿಸ್ಟರನ್ನು ಅಲ್ಲಿ ಬಳಸಿಕೊಂಡಿರುವ ಕ್ರಮದಿಂದ ಎರಡು ಪಟ್ಟಿನ, ಎಂದರೆ ಮೇಲಣ ಷಡ್ಜದ, ಉಪನಾದವೊಂದು ಕೂಡಿಕೊಳ್ಳುತ್ತದೆ. ಅಳತೆಯ ದೃಷ್ಟಿಯಿಂದ ಇವೆಲ್ಲ ದೋಷಗಳೇ. ಕಿವಿಗೆ ಮಾತ್ರ ಇವು ತುಂಬುದನಿಯಾಗಿಯೂ ಬಿಸುಪಾಗಿಯೂ ತೋರುತ್ತವೆ.

ಮೂಲ 1073 ಇಂದು ಲಕ್ಷಗಟ್ಟಲೆ ರೂಪಾಯಿಗಳ ವಸ್ತು; ನನ್ನಂಥವನಿಗೆ ಅದನ್ನು ಮುಟ್ಟಿ ನೋಡುವ ಯೋಗವೂ ಬಂದಿಲ್ಲ. ಆದರೆ ಒಂದೊಂದು ರೋಧಕದ, ಒಂದೊಂದು ಸುರುಳಿಯ ವರ್ತನೆಯನ್ನೂ ಸಮೀಕರಣಗಳಾಗಿ ಬರೆದು, ಸೆಕೆಂಡಿಗೆ 48,000 ಸಲವೋ ಅದಕ್ಕೂ ಹೆಚ್ಚು ಸಲವೋ ಅವನ್ನು ಬಿಡಿಸಿ, ಆ ಘಟಕವು ಏನನ್ನು ಹೊರಹಾಕುತ್ತಿತ್ತೋ ಅದನ್ನೇ ಗಣಕದಿಂದ ಹೊರಡಿಸುವ ವಿದ್ಯೆಯು ಈ ಶತಮಾನದಲ್ಲಿ ಪಕ್ವವಾಯಿತು. 1958ರಲ್ಲಿ ಬಿಲ್ ಪುಟ್ನಮ್ ಎಂಬಾತನು ಸ್ಥಾಪಿಸಿದ್ದ ಯೂನಿವರ್ಸಲ್ ಆಡಿಯೊ ಎಂಬ ಹೆಸರನ್ನು 1999ರಲ್ಲಿ ಆತನ ಮಕ್ಕಳು ಪುನರುಜ್ಜೀವನಗೊಳಿಸಿದರು. ಆ ಸಂಸ್ಥೆಯು ಯುನಿಸನ್ ಎಂಬ ಹೆಸರಿನಿಂದ ತಂದ ಏರ್ಪಾಡಿನಲ್ಲಿ ತಂತ್ರಾಂಶವು ಯಂತ್ರದ ಹೊಸ್ತಿಲನ್ನೇ ಬದಲಿಸಿ, ಮೈಕು ಎದುರಿಸುವ ವಿದ್ಯುತ್ಪ್ರತಿರೋಧವನ್ನೂ ಹಳೆಯ ಘಟಕದಂತೆಯೇ ಮಾಡುತ್ತದೆ. ರೂಪರ್ಟ್ ನೀವ್ 2021ರಲ್ಲಿ ತೀರಿಕೊಳ್ಳುವ ಹೊತ್ತಿಗೆ, ಆತನ ಕಬ್ಬಿಣ ಮತ್ತು ತಾಮ್ರದ ಸ್ವಭಾವವು ಹೀಗೆ ಬೊಬ್ರುವಾಡದ ಮಣ್ಣುಗೋಡೆಯ ಕೋಣೆಯನ್ನೂ ಹೊಕ್ಕಿತ್ತು.

ಈ ಅನುಕರಣಗಳ ಪಟ್ಟಿಗಳನ್ನು ತಿರುವಿಹಾಕುವಾಗಲೆಲ್ಲ ನನ್ನ ಮನಸ್ಸು ನೋಯುತ್ತದೆ. ಲಂಡನ್ನಿನ ಮೇಜುಗಳುಂಟು, ಜರ್ಮನಿಯ ವಾಲ್ವುಗಳುಂಟು, ಅಮೆರಿಕೆಯ ಘಟಕಗಳುಂಟು. ಮನಸೂರರ ಸ್ವರವನ್ನು ಹೊತ್ತು ತಂದ ಧಾರವಾಡದ ಸ್ಟುಡಿಯೋದ ಯಂತ್ರಗಳಾಗಲಿ, 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಮುಂದೆ ದೇಶಕ್ಕೆ ವಾಲ್ವುಗಳನ್ನು ಮಾಡಿಕೊಟ್ಟ ಭಾರತ್ ಎಲೆಕ್ಟ್ರಾನಿಕ್ಸಿನ ಬುರುಡೆಗಳಾಗಲಿ, ತುಟಿಯಲ್ಲಿ ಅಂಕಿಯನ್ನಾಡಿಸುತ್ತ ಕೈಯಿಂದ ಸುತ್ತಿದ ಟ್ರಾನ್ಸ್‌ಫಾರ್ಮರುಗಳಾಗಲಿ ನಾನು ಕಂಡ ಯಾವ ಪಟ್ಟಿಯಲ್ಲಿಯೂ ಇಲ್ಲ. ಅಳೆದಿಟ್ಟುಕೊಂಡರೆ ತಾನೆ ಅನುಕರಿಸುವುದು? ನಮ್ಮವು ಗುಜರಿಗೆ ಹೋದವು.

ಅಂಕೋಲೆ ತಾಲೂಕಿನ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಕಂಠವು ಹಾಗೆ ಹೋಗದಂತೆ ಕಾರವಾರದ ಆಕಾಶವಾಣಿಯು ಅವರ ಹಾಡುಗಳನ್ನು ಮುದ್ರಿಸಿಕೊಂಡುದು ಈ ಜಿಲ್ಲೆಯ ಭಾಗ್ಯ. 2017ರಲ್ಲಿ ಪದ್ಮಶ್ರೀ ಪಡೆದ ಆ ಹಿರಿಯಳು 2025ರ ಫೆಬ್ರುವರಿಯಲ್ಲಿ ಅಗಲಿದ ಮೇಲೆ, ಆ ಮುದ್ರಿಕೆಗಳನ್ನು ಕೇಳುವಾಗ ನಾನು ಒಂದು ನಿಯಮವನ್ನು ಮಾಡಿಕೊಂಡೆ: ಹಾಡಿದವರ ದನಿಯನ್ನು ಮೊದಲು ಯಾವ ಲೇಪವೂ ಇಲ್ಲದೆ ಮುದ್ರಿಸಿ ಭದ್ರಪಡಿಸುವುದು, ಬಣ್ಣವೇನಿದ್ದರೂ ಅದರ ಪ್ರತಿಗೆ. ಮುಂದಿನವರು ಅದರಲ್ಲಿ ಹುಡುಕುವುದು ಹಾಲಕ್ಕಿ ಕಂಠವನ್ನು. 1970ರ ಲಂಡನ್ನಿನ ಕಬ್ಬಿಣವನ್ನಲ್ಲ.

ಗುಮಟೆಯ ವಿಷಯದಲ್ಲಿ ಈ ನಿಯಮವೂ ಸಾಲದೆಂದು ತಿಳಿದುದು ಅಜ್ಜಿಯ ಮಾತನ್ನು ಪುನಃ ಪುನಃ ನೆನೆದಾಗ. ಗುಮಟೆಯೆಂಬುದು ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ತೊಗಲನ್ನು ಬಿಗಿದು, ಚಿಕ್ಕ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ತಿದ್ದುತ್ತಾರೆ. ಪೂರ್ವದಲ್ಲಿ ಉಡದ ತೊಗಲನ್ನು ಬಿಗಿಯುತ್ತಿದ್ದರು. ಉಡವು ಸಂರಕ್ಷಿತ ಪ್ರಾಣಿಯಾದ ಮೇಲೆ ಆಡಿನ ತೊಗಲು ಬಂದಿದೆ. ಯಾವ ತೊಗಲೇ ಆಗಲಿ, ಕಡಲಗಾಳಿಯ ತೇವಕ್ಕೆ ಅದು ಸಡಿಲವಾಗುವುದರಿಂದ ಬಾರಿಸುವುದಕ್ಕೆ ಮುಂಚೆ ಬೆಂಕಿಯ ಕಾವಿಗೆ ಹಿಡಿದು ಬಿಗಿಗೊಳಿಸುವುದು ಪದ್ಧತಿ. ಅಂದು ಮೊಮ್ಮಗನು ಬೆಂಕಿ ಕೇಳಿದ್ದನು; ಹೊಗೆಯು ಕೋಣೆಗೆ ನುಗ್ಗಿ ಯಂತ್ರಗಳಿಗೆ ಕೇಡಾದೀತೆಂದು ನಾನೇ ಬೇಡವೆಂದಿದ್ದೆ. ಅಜ್ಜಿ ಹೇಳಿದುದು ಯಂತ್ರದ ಪ್ರಶಂಸೆಯಲ್ಲ; ಮೊದಲನೆಯ ಮುದ್ರಿಕೆಯಲ್ಲಿ ಗುಮಟೆಯು ನಿಜವಾಗಿಯೂ ಹಸಿಯಾಗಿತ್ತು.

ಸುಗ್ಗಿ ಮುಗಿದ ಮೇಲೆ ಅವರನ್ನು ಮತ್ತೊಮ್ಮೆ ಕರೆದೆ. ಅಂಗಳದಲ್ಲಿ ಒಣಹುಲ್ಲಿಗೆ ಬೆಂಕಿಯಿಟ್ಟು ಹುಡುಗನು ಗುಮಟೆಯನ್ನು ಉರಿಯ ಮೇಲೆ ತಿರುಗಿಸುತ್ತಿದ್ದರೆ, ಅಜ್ಜಿ ಆಗಾಗ ಬಗ್ಗಿ ತೋರುಬೆರಳಿನಿಂದ ತೊಗಲನ್ನು ತಟ್ಟಿ, ಕಿವಿಯನ್ನು ಹತ್ತಿರಕ್ಕೆ ತಂದು, “ಇನ್ನೊಂಚೂರು” ಎನ್ನುತ್ತಿದ್ದರು. ಐದನೆಯ ಸಲ ತಟ್ಟಿದಾಗ ಒಳಗಿನಿಂದ ಗುಂಭೆಂದು ದುಂಡನೆಯ ನಾದವೆದ್ದಿತು. ನಾನು ಓಡಿಹೋಗಿ ಗಣಕದ ಮುಂದೆ ಕುಳಿತು, ತಂತ್ರಾಂಶವನ್ನು ಬದಿಗಿರಿಸಿ, ಮುದ್ರಣದ ಗುಂಡಿಯನ್ನು ಒತ್ತಿದೆ.